ಒಂದಂಗುಲದ ಮಾಂತ್ರಿಕನಿಗೆ ಬಣ್ಣ



ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಮೇಲೆ, ಅಲ್ಲಿಯ ವಿಶೇಷಗಳನ್ನು ಕುರಿತು ಬರೆಯಬೇಕೆಂದು ಹಳೆಯ ವಿದ್ಯಾರ್ಥಿಗಳು ಹಲವರು ಕೇಳಿದ್ದಾರೆ. ಅಲ್ಲಿಯ ಕೋಟೆಯ ಬಗ್ಗೆಯೂ, ರಾಬಿನ್ ಹುಡ್‌ನ ಹೆಸರಿನೊಡನೆ ಸೇರಿಹೋಗಿರುವ ಶೆರ್ವುಡ್ ಅರಣ್ಯದ ಬಗ್ಗೆಯೂ ಪ್ರವಾಸ ಕಥನಗಳಲ್ಲಿ ಬೇಕಾದಷ್ಟು ಓದಲು ಸಿಗುತ್ತದೆ. ನಾನು ಇಂದು ಬರೆಯಹೊರಟಿರುವುದು ಒಂದಂಗುಲ ಎತ್ತರದ ಗೊಂಬೆಗಳ ಬಗ್ಗೆ, ಅವುಗಳಿಗೆ ಬಣ್ಣ ಹಚ್ಚುವ ಕಲೆಯ ಬಗ್ಗೆ. ಮಾಂತ್ರಿಕರು, ಕುಬ್ಜರು, ಹಸಿರು ಮೈಯ ರಾಕ್ಷಸರು, ರೆಕ್ಕೆಯುಳ್ಳ ಸರ್ಪಗಳು, ಎಲುಬಿನ ಸೈನಿಕರು ಮುಂತಾದ ಕಲ್ಪನಾಲೋಕದ ಜೀವಿಗಳೇ ಆ ಗೊಂಬೆಗಳು.

ಈ ಸಂಗತಿ ತಿಳಿದಾಗ ನನ್ನ ಸೋದರಸೊಸೆಯೊಬ್ಬಳು, "ಈ ವಯಸ್ಸಿನಲ್ಲಿ ದೇವರ ಚಿತ್ರ ಬರೆಯುವುದು ಬಿಟ್ಟು ರಾಕ್ಷಸರಿಗೆ ಬಣ್ಣ ಬಳಿಯುತ್ತಿದ್ದೀರಾ ಮಾವಾ?" ಎಂದು ನಕ್ಕಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಕಡೆಯವರಿಗೆ ಇದರ ಉತ್ತರ ಹೊಸತಲ್ಲ. ಯಕ್ಷಗಾನದಲ್ಲಿ 'ಬಣ್ಣದ ವೇಷ' ಎಂದರೆ ರಾಕ್ಷಸನ ವೇಷವೆಂದೇ ಅರ್ಥ. ರಾಜನಿಗೆ, ದೇವರಿಗೆ ಇಲ್ಲದ ಆ ಹೆಸರು ರಾಕ್ಷಸನಿಗೆ ಮೀಸಲಾಗಿದೆ. ತೆಂಕುತಿಟ್ಟಿನ ಕಲಾವಿದರು ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಅರೆದ ಚುಟ್ಟಿಯ ಮುಳ್ಳುಗಳನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತಾ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುವುದು ರಾಕ್ಷಸನಾಗುವುದಕ್ಕಾಗಿಯೇ. ಬಣ್ಣಗಾರಿಕೆಗೆ ಎಡೆ ಹೆಚ್ಚಿರುವುದು ರಾಕ್ಷಸರ ಮುಖದಲ್ಲಿ ಎಂಬುದನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು.

ಇನ್ನು ಈ ಗೊಂಬೆಗಳ ಪೂರ್ವೋತ್ತರ. ಯುರೋಪಿನಲ್ಲಿ ಲೋಹದ ಆಟಿಕೆ ಸೈನಿಕರಿಗೆ ದೀರ್ಘ ಚರಿತ್ರೆಯಿದೆ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ತವರದಿಂದ ಎರಕ ಹೊಯ್ದ ಚಪ್ಪಟೆ ಸೈನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಸಿದ್ಧವಾಗಿದ್ದವು. ಮೈ ಚಪ್ಪಟೆಯಾಗಿದ್ದುದರಿಂದ ಅವುಗಳ ಉಬ್ಬುತಗ್ಗುಗಳನ್ನೆಲ್ಲ ಬಣ್ಣದಲ್ಲಿಯೇ ತೋರಿಸಬೇಕಾಗಿತ್ತು. 1913ರಲ್ಲಿ ಎಚ್. ಜಿ. ವೆಲ್ಸ್ ಎಂಬ ಸುಪ್ರಸಿದ್ಧ ಲೇಖಕ ಆಟಿಕೆ ಸೈನಿಕರಿಂದ ಯುದ್ಧದಾಟ ಆಡುವ ನಿಯಮಗಳನ್ನು 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಪ್ರಕಟಿಸಿದ. 1954–55ರಲ್ಲಿ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬಂದಿತು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹುಟ್ಟಿತು. ಆಟಿಕೆ ಸೈನಿಕರ ಜಾಗದಲ್ಲಿ ಮಾಂತ್ರಿಕರೂ ಕುಬ್ಜರೂ ಬಂದು ನಿಂತದ್ದು ಹೀಗೆ.

ನಾಟಿಂಗ್‌ಹ್ಯಾಮ್‌ಗೆ ಇದರಲ್ಲಿ ದೊಡ್ಡ ಪಾತ್ರವಿದೆ. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆಯನ್ನು ಆರಂಭಿಸಿದರು. 1979ರಲ್ಲಿ, ನಾಟಿಂಗ್‌ಹ್ಯಾಮ್‌ಷೈರ್‌ನ ನ್ಯೂಅರ್ಕ್ ಪಟ್ಟಣದಲ್ಲಿ, ಗೊಂಬೆಗಳನ್ನು ತಯಾರಿಸುವ ಸಿಟಾಡೆಲ್ ಮಿನಿಯೇಚರ್ಸ್ ಹುಟ್ಟಿಕೊಂಡಿತು. 1983ರಲ್ಲಿ 'ವಾರ್‌ಹ್ಯಾಮರ್' ಎಂಬ ಯುದ್ಧದಾಟ ಬಂದ ಮೇಲೆ ಈ ಹವ್ಯಾಸ ದೇಶದೇಶಗಳಿಗೆ ಹರಡಿತು. ಸಂಸ್ಥೆಯ ಕೇಂದ್ರ ಕಚೇರಿ ಈಗ ನಾಟಿಂಗ್‌ಹ್ಯಾಮ್‌ನ ಲೆಂಟನ್ ಎಂಬಲ್ಲಿದೆ. ಇದೇ ಕೆಲಸದಲ್ಲಿ ತೊಡಗಿರುವ ಬೇರೆ ಸಂಸ್ಥೆಗಳೂ ಆಸುಪಾಸಿನಲ್ಲಿಯೇ ನೆಲೆಸಿರುವುದರಿಂದ ಆ ಪ್ರದೇಶಕ್ಕೆ 'ಸೀಸದ ಸೀಮೆ' ಎಂಬ ಅರ್ಥದ ಅಡ್ಡಹೆಸರೂ ಇದೆ. ಮೊದಲಿನ ಗೊಂಬೆಗಳು ಸೀಸ ಬೆರೆತ ಲೋಹದವು. ಸೀಸ ವಿಷವಾದುದರಿಂದ 1990ರ ದಶಕದಲ್ಲಿ ಅದನ್ನು ಕೈಬಿಟ್ಟರು. ಈಗ ಹೆಚ್ಚಿನವು ಪ್ಲಾಸ್ಟಿಕ್ಕಿನವು. ಕೈ, ಕಾಲು, ತಲೆ ಬೇರೆಬೇರೆಯಾಗಿ ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕತ್ತರಿಸಿ, ಅಂಟಿಸಿ, ಅನಂತರ ಬಣ್ಣ ಹಚ್ಚುವುದು ಕೊಂಡವರ ಕೆಲಸ.

ಹದಿಮೂರು ವರ್ಷದ ನನ್ನ ಮೊಮ್ಮಗನ ಓದುವ ಮೇಜಿನ ಅರ್ಧ ಭಾಗವನ್ನು ಇಂಥ ಗೊಂಬೆಗಳೇ ಆಕ್ರಮಿಸಿದ್ದವು. ಅವನಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ, ಅದೂ ಒಂದೆರಡು ಮಾತುಗಳಲ್ಲಿ. ಅಜ್ಜ ಚಿತ್ರಕಲೆಯ ಮೇಷ್ಟರಾಗಿದ್ದರೆಂದು ಮಗಳು ಅವನಿಗೆ ಹೇಳಿದ್ದಳು. ಅವನು ಒಂದು ಸಂಜೆ ಕುಂಚವೊಂದನ್ನು ನನ್ನ ಕಡೆಗೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಅದಕ್ಕೆ ಕಾರಣವಿತ್ತು. ನಿಮ್ಮಲ್ಲಿ ಬಹಳ ಮಂದಿಗೆ ಅದನ್ನು ನಾನು ಇದುವರೆಗೆ ಹೇಳಿಲ್ಲ.

ಕಪ್ಪುಹಲಗೆಯ ಮೇಲೆ ಕೈವಾರವಿಲ್ಲದೆ, ಸೀಮೆಸುಣ್ಣವನ್ನು ಎತ್ತದೆ, ಒಂದೇ ಸುತ್ತಿನಲ್ಲಿ ನಾನು ವೃತ್ತ ಬರೆಯುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಈಗಲೂ ನೆನೆಯುತ್ತೀರಿ. ಮೂವತ್ತಮೂರು ವರ್ಷ ಆ ಕೈ ನನಗೆ ಕೊಟ್ಟ ಮಾತನ್ನು ತಪ್ಪಲಿಲ್ಲ. ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ ಅದು ನಡುಗಲಾರಂಭಿಸಿತು. ಮೊದಲು ಕಾಫಿಯ ಲೋಟ ತಟ್ಟೆಗೆ ತಾಗಿ ಸದ್ದು ಮಾಡಿತು, ಅನಂತರ ಸಹಿ ಬದಲಾಯಿತು. ವೈದ್ಯರು ಒಂದು ಹಾಳೆಯನ್ನು ಮುಂದಿಟ್ಟು ಸುರುಳಿಯೊಂದನ್ನು ಬರೆಯಲು ಹೇಳಿದರು. ಕೈನಡುಕವನ್ನು ಪರೀಕ್ಷಿಸುವ ಕ್ರಮವದು. ಮಕ್ಕಳಿಗೆ ಸುರುಳಿ ಬರೆಯುವುದನ್ನು ಕಲಿಸಿದ ನಾನು ಅಲ್ಲಿ ಬರೆದ ಸುರುಳಿಯ ಅಂಚು ಗರಗಸದ ಹಲ್ಲುಗಳಂತಿತ್ತು. "ಇದು ಪಾರ್ಕಿನ್ಸನ್ ಅಲ್ಲ, ಗಾಬರಿ ಬೇಡ. ಕೈ ಸುಮ್ಮನಿದ್ದಾಗ ನಡುಕವಿಲ್ಲ, ಕೆಲಸಕ್ಕೆ ತೊಡಗಿದಾಗ ಮಾತ್ರ ಬರುತ್ತದೆ. ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ" ಎಂದರು. ಮನೆಗೆ ಬಂದು ಕುಂಚಗಳನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಮೂರು ವರ್ಷ ಆ ಟ್ರಂಕನ್ನು ತೆರೆಯಲಿಲ್ಲ.

ಇದನ್ನೆಲ್ಲ ಮೊಮ್ಮಗನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಅವನು ಊಟದ ಮೇಜಿನಲ್ಲಿ ನನ್ನ ಚಮಚವನ್ನು ನೋಡಿಯೇ ಇದ್ದ. "ಅಜ್ಜಾ, ಎಲ್ಲರ ಕೈಯೂ ನಡುಗುತ್ತದೆ. ಗೊಂಬೆ ಇಷ್ಟು ಚಿಕ್ಕದಾದರೆ ನನ್ನದೂ ನಡುಗುತ್ತದೆ. ಹೀಗೆ ಹಿಡಿ" ಎಂದು ಇಂಗ್ಲಿಷಿನಲ್ಲಿಯೇ ಹೇಳಿ, ತೋರಿಸಿಕೊಟ್ಟ. ಗೊಂಬೆಯನ್ನು ಖಾಲಿ ಔಷಧಿ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ ಎಡಗೈಯಲ್ಲಿ ಹಿಡಿಯುವುದು. ಎರಡೂ ಮೊಣಕೈಗಳನ್ನು ಮೇಜಿಗೆ ಊರುವುದು. ಎರಡೂ ಅಂಗೈಗಳ ಬುಡವನ್ನು ನಮಸ್ಕಾರ ಮಾಡುವಾಗಿನಂತೆ ಒಂದಕ್ಕೊಂದು ತಾಗಿಸಿ ಒತ್ತಿಕೊಳ್ಳುವುದು. ಹಾಗೆ ಕುಳಿತಾಗ ನಡುಕವೇನೂ ನಿಲ್ಲಲಿಲ್ಲ. ಆದರೆ ಎರಡೂ ಕೈಗಳು ಒಟ್ಟಿಗೆ ನಡುಗತೊಡಗಿದವು. ಗೊಂಬೆ ಅಲುಗಿದತ್ತ ಕುಂಚವೂ ಅಲುಗಿತು. ಕುಂಚದ ತುದಿಗೂ ಗೊಂಬೆಗೂ ನಡುವಣ ಅಂತರ ಹೆಚ್ಚುಕಡಿಮೆ ಸ್ಥಿರವಾಯಿತು. ಗೋಡೆಗೆ ನಿಲ್ಲಿಸಿದ ಹಲಗೆಯ ಮೇಲೆ, ಮೇಜಿನ ಮೇಲಿಟ್ಟ ಕಾಗದದ ಮೇಲೆ ಈ ಉಪಾಯ ನಡೆಯುವುದಿಲ್ಲ. ಚಿತ್ರ ಬರೆಯುವ ವಸ್ತುವೇ ಕೈಯಲ್ಲಿದ್ದರೆ ಮಾತ್ರ ಇದು ಸಾಧ್ಯ.

ಇಲ್ಲಿಂದ ಮುಂದೆ ನಾನು ಶಿಷ್ಯ, ಅವನು ಮೇಷ್ಟರು.

ಅವನು ನನಗಾಗಿ ಆರಿಸಿದ್ದು ನಿಲುವಂಗಿ ತೊಟ್ಟ ಮುದುಕ ಮಾಂತ್ರಿಕನ ಗೊಂಬೆ. ಎತ್ತರ ಸುಮಾರು 28 ಮಿಲಿಮೀಟರ್. ಅಂದರೆ ಮನುಷ್ಯನ ಅರುವತ್ತನೆಯ ಒಂದು ಪಾಲು. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಅಂಥ ಗೊಂಬೆಯನ್ನು ನಾವು ಕಣ್ಣಿನಿಂದ ಸುಮಾರು 60 ಸೆಂಟಿಮೀಟರ್ ದೂರದಲ್ಲಿಟ್ಟು ನೋಡಿದರೆ, ನಿಜವಾದ ಮನುಷ್ಯನೊಬ್ಬನನ್ನು 36 ಮೀಟರ್ ದೂರದಿಂದ ನೋಡಿದಷ್ಟೇ ಆಯಿತು. ಅಷ್ಟು ದೂರದಲ್ಲಿ ನಿಂತವನ ಕೆನ್ನೆಯ ತಗ್ಗು, ಬಟ್ಟೆಯ ಸಣ್ಣ ಮಡಿಕೆ ನಮಗೆ ಕಾಣುವುದಿಲ್ಲ. ನಿಲುವಂಗಿಗೆ ಒಂದೇ ಕೆಂಪು ಬಣ್ಣ ಹಚ್ಚಿ ಬಿಟ್ಟರೆ ಅದು ಕೆಂಪು ಮುದ್ದೆಯಾಗಿ ಕಾಣುತ್ತದೆ. ಹಾಗಾಗಿ ಕೋಣೆಯ ಬೆಳಕನ್ನು ನೆಚ್ಚಿ ಕೂರದೆ, ನೆರಳನ್ನೂ ಬೆಳಕನ್ನೂ ಚಿತ್ರಕಾರನೇ ಬಣ್ಣದಲ್ಲಿ ಬರೆಯಬೇಕು, ಇರುವುದಕ್ಕಿಂತ ಹೆಚ್ಚಾಗಿಯೇ ಬರೆಯಬೇಕು. ದೊಂದಿಯ ಬೆಳಕಿನಲ್ಲಿ ಗದ್ದೆಯ ಕೊನೆಯಲ್ಲಿ ಕುಳಿತವನಿಗೂ ಕಾಣುವಂತೆ ವೇಷಧಾರಿ ಹುಬ್ಬು ತೀಡಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಮೊದಲ ಕೆಲಸ ಪ್ರೈಮರ್. ಪ್ಲಾಸ್ಟಿಕ್ಕಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲವಾದುದರಿಂದ ಅದಕ್ಕೊಂದು ನೆಲೆ ಬೇಕು. ಮೊಮ್ಮಗ ಗೊಂಬೆಗೆ ಸುತ್ತಲೂ ಕಪ್ಪು ಪ್ರೈಮರ್ ಸಿಂಪಡಿಸಿ, ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿಯದನ್ನು ಸಿಂಪಡಿಸಿದ. ನಡುಹಗಲಿನ ಸೂರ್ಯ ಬಿದ್ದ ಕಡೆಯೆಲ್ಲ ಬಿಳುಪು, ಮರೆಯಾದ ಕಡೆ ಕಪ್ಪು. ಎಲ್ಲಿ ಬೆಳಕು, ಎಲ್ಲಿ ನೆರಳು ಎಂಬ ನಕ್ಷೆ ಬಣ್ಣ ಮುಟ್ಟುವ ಮೊದಲೇ ಗೊಂಬೆಯ ಮೈಮೇಲೆ ಮೂಡಿತು.

ಅನಂತರ ಬಣ್ಣ. ಇವು ಅಕ್ರಿಲಿಕ್ ಬಣ್ಣಗಳು. ನೀರಿನಲ್ಲಿ ಕರಗುತ್ತವೆ. ಆದರೆ ಒಮ್ಮೆ ಒಣಗಿದರೆ ಮತ್ತೆ ನೀರಿಗೆ ಜಗ್ಗುವುದಿಲ್ಲ. ನಾನು ಶಾಲೆಯಲ್ಲಿ ಕಲಿಸಿದ ಜಲವರ್ಣಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಜಲವರ್ಣದಲ್ಲಿ ಒಣಗಿದ ಬಣ್ಣದ ಮೇಲೆ ಮತ್ತೆ ಒದ್ದೆ ಕುಂಚ ಆಡಿಸಿದರೆ ಕೆಳಗಿನದು ಎದ್ದು ಕಲಸಿಹೋಗುತ್ತದೆ. ಇಲ್ಲಿ ಕೆಳಗಿನ ಪದರ ಭದ್ರವಾಗಿ ಕುಳಿತಿರುತ್ತದೆ. ಅದರ ಮೇಲೆ ಎಷ್ಟು ಪದರಗಳನ್ನು ಬೇಕಾದರೂ ಹೊದಿಸಬಹುದು, ಅವು ತೆಳುವಾಗಿದ್ದರೆ ಮಾತ್ರ. ದಪ್ಪಗೆ ಹಚ್ಚಿದರೆ ಮೂಗು, ಬೆರಳು, ಬಟ್ಟೆಯ ನೆರಿಗೆ ಎಲ್ಲವೂ ಹೂತುಹೋಗುತ್ತವೆ. ಈ ಹವ್ಯಾಸಿಗಳ ನಡುವೆ 'ಎರಡು ತೆಳು ಪದರ' ಎಂಬ ಮಾತು ಗಾದೆಯಂತೆ ಬಳಕೆಯಲ್ಲಿದೆ. ಬಣ್ಣ ಹಾಲಿನ ಹದಕ್ಕೆ ಬರಬೇಕು. ಆ ಹದದಲ್ಲಿಯೇ ಉಳಿಸಿಕೊಳ್ಳಲು ಒಂದು ಸುಲಭ ಸಾಧನವಿದೆ. ತಟ್ಟೆಯಲ್ಲಿ ನೀರು ನೆನೆಸಿದ ತೆಳು ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರು, ಪೇಪರಿನ ಮೇಲೆ ಬಣ್ಣ. ಕೆಳಗಿನ ತೇವ ಮೇಲಕ್ಕೆ ನಿಧಾನವಾಗಿ ಹಾಯುತ್ತಿರುವುದರಿಂದ ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ.

ಲೇಯರಿಂಗ್, ಅಂದರೆ ಪದರದ ಮೇಲೆ ಪದರ ಕಟ್ಟುವುದು, ಹೇಗೆಂದು ಕೆಂಪು ನಿಲುವಂಗಿಯ ಉದಾಹರಣೆಯಿಂದಲೇ ಹೇಳುತ್ತೇನೆ. ಮೊದಲು ಇಡೀ ಅಂಗಿಗೆ ಗಾಢವಾದ, ಕಂದಿನತ್ತ ವಾಲುವ ಕೆಂಪು. ಒಣಗಿದ ಮೇಲೆ 'ವಾಶ್' ಎಂಬ ನೀರಿನಂಥ ಕಪ್ಪುಗಂದು ಬಣ್ಣವನ್ನು ಹರಿಯಬಿಟ್ಟರೆ ಅದು ತಾನಾಗಿಯೇ ನೆರಿಗೆಗಳ ಆಳಕ್ಕೆ ಇಳಿದು ನಿಲ್ಲುತ್ತದೆ. ಅದು ನೆರಳು. ಎರಡನೆಯ ಕೆಂಪು ಮೊದಲಿನದಕ್ಕಿಂತ ಸ್ವಲ್ಪ ತಿಳಿ. ಅದನ್ನು ಆಳವನ್ನು ಬಿಟ್ಟು ಉಳಿದೆಡೆಗೆ ಹಚ್ಚಬೇಕು. ಮೂರನೆಯದು ಇನ್ನಷ್ಟು ತಿಳಿ, ಅದು ನೆರಿಗೆಯ ಉಬ್ಬಿನ ಮೇಲರ್ಧಕ್ಕೆ. ನಾಲ್ಕನೆಯದು ಉಬ್ಬಿನ ನೆತ್ತಿಗೆ ಮಾತ್ರ. ಐದನೆಯದು ಕೂದಲೆಳೆಯಷ್ಟು ಅಂಚಿಗೆ, ಭುಜದ ಮೇಲಿನ ಒಂದೆರಡು ಚುಕ್ಕೆಗೆ. ಒಂದೊಂದು ಪದರವೂ ಹಿಂದಿನದಕ್ಕಿಂತ ಕಡಿಮೆ ಜಾಗ ಆಕ್ರಮಿಸುತ್ತದೆ. ಮೇಲಿನದು ಕೆಳಗಿನದನ್ನು ಪೂರ್ತಿ ಮುಚ್ಚದೆ ಅಂಚಿನಲ್ಲಿ ಒಂದಿಷ್ಟು ಉಳಿಸಿಕೊಡುತ್ತದೆ. ಬೆಟ್ಟಗುಡ್ಡಗಳ ಎತ್ತರವನ್ನು ತೋರಿಸುವ ಭೂಪಟದ ಸಮೋನ್ನತ ರೇಖೆಗಳನ್ನು ನೆನೆದುಕೊಂಡರೆ ನಿಮಗೆ ಇದು ಥಟ್ಟನೆ ಹೊಳೆಯುತ್ತದೆ. ಎಲ್ಲಿ ಹಚ್ಚಬೇಕೆಂಬುದಕ್ಕಿಂತ ಎಲ್ಲಿ ಬಿಡಬೇಕೆಂಬುದನ್ನು ಬಲ್ಲವನೇ ಇಲ್ಲಿ ಜಾಣ.

ಬಣ್ಣದ ಆಯ್ಕೆಯಲ್ಲಿ ನನ್ನ ಹಳೆಯ ಪಾಠಗಳು ಕೆಲಸಕ್ಕೆ ಬಂದವು. ಕೆಂಪನ್ನು ತಿಳಿಯಾಗಿಸಲು ಬಿಳಿ ಬೆರೆಸಿದರೆ ಅದು ಗುಲಾಬಿಯಾಗುತ್ತದೆಯೇ ಹೊರತು ಬೆಳಗುವುದಿಲ್ಲ. ಕಿತ್ತಳೆ ಬೆರೆಸಬೇಕು. ಕೆಂಪಿನ ನೆರಳಿಗೆ ಕಪ್ಪಿನ ಬದಲು ಅದರ ಎದುರು ಬಣ್ಣವಾದ ಹಸಿರನ್ನು ಒಂದು ಕಣ ಬೆರೆಸಿದರೆ ನೆರಳಿಗೆ ಜೀವ ಬರುತ್ತದೆ. ಒಂಬತ್ತನೆಯ ತರಗತಿಯಲ್ಲಿ ಬರೆಸಿದ್ದ ವರ್ಣಚಕ್ರವನ್ನು ನಾನು ಮೊಮ್ಮಗನಿಗೆ ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ವೃತ್ತ ಅಂಕುಡೊಂಕಾಗಿಯೇ ಇತ್ತು. ಅವನು ಅದನ್ನು ಗೋಡೆಗೆ ಅಂಟಿಸಿಕೊಂಡ.

ಪದರಗಳ ನಡುವಣ ಗೆರೆ ಹತ್ತಿರದಿಂದ ನೋಡಿದವರಿಗೆ ಮೆಟ್ಟಿಲಿನಂತೆ ಕಾಣುತ್ತದೆ. ಆ ಮೆಟ್ಟಿಲುಗಳನ್ನು ಇಳಿಜಾರಾಗಿಸುವುದೇ ಬ್ಲೆಂಡಿಂಗ್. ಇದಕ್ಕೆ ಹಲವು ಮಾರ್ಗಗಳಿವೆ. ಎರಡು ಬಣ್ಣಗಳನ್ನು ಗೊಂಬೆಯ ಮೇಲೆ ಅಕ್ಕಪಕ್ಕದಲ್ಲಿಟ್ಟು ಅವು ಹಸಿಯಾಗಿರುವಾಗಲೇ ನಡುವಿನ ಗಡಿಯನ್ನು ಕಲಸುವುದು ಒಂದು. ಇದಕ್ಕೆ ವೇಗ ಬೇಕು, ಬಣ್ಣ ನಿಮಿಷದೊಳಗೆ ಒಣಗಿಬಿಡುತ್ತದೆ. ಎರಡು ಕುಂಚಗಳ ಕ್ರಮ ಇನ್ನೊಂದು. ಒಂದರಿಂದ ಬಣ್ಣವಿಟ್ಟು, ತಕ್ಷಣ ತೇವವಾದ ಇನ್ನೊಂದರಿಂದ ಅದರ ಅಂಚನ್ನು ಎಳೆದು ಮಾಯಿಸುವುದು. ಮೂರನೆಯದು ಗ್ಲೇಜಿಂಗ್. ಬಣ್ಣಕ್ಕೆ ನೀರು ಬೆರೆಸುತ್ತಾ ಬೆರೆಸುತ್ತಾ ಅದನ್ನು ಚಹಾದ ಲೋಟ ತೊಳೆದ ನೀರಿನಷ್ಟು ತಿಳಿಯಾಗಿಸಿ, ಕುಂಚವನ್ನು ಬಟ್ಟೆಗೆ ಒತ್ತಿ ಹೆಚ್ಚಿನ ನೀರನ್ನು ತೆಗೆದು, ಮೆಟ್ಟಿಲಿನ ಮೇಲೆ ಮೆಲ್ಲನೆ ಸವರುವುದು. ಕುಂಚವನ್ನು ಎತ್ತುವ ಕಡೆಯಲ್ಲಿ ಬಣ್ಣದ ಕಣಗಳು ಹೆಚ್ಚಾಗಿ ನಿಲ್ಲುವುದರಿಂದ, ನೆರಳನ್ನು ಗಾಢಮಾಡಬೇಕಾದರೆ ನೆರಳಿನತ್ತ, ಬೆಳಕನ್ನು ಏರಿಸಬೇಕಾದರೆ ಬೆಳಕಿನತ್ತ ಎಳೆಯಬೇಕು.

ನನ್ನ ಕೈಗೆ ಒಲಿದದ್ದು ಈ ಮೂರನೆಯದು. ಏಕೆಂದು ಯೋಚಿಸಿದಾಗ ಸಂಗತಿ ಸ್ಪಷ್ಟವಾಯಿತು. ಪೆನ್ಸಿಲಿನ ರೇಖೆ ಒಂದೇ ಬಾರಿಗೆ ತೀರ್ಪು ಕೊಟ್ಟುಬಿಡುತ್ತದೆ. ಕೈ ನಡುಗಿದರೆ ನಡುಗಿದ ರೇಖೆ, ಅಷ್ಟೇ. ಆದರೆ ಗ್ಲೇಜಿನ ಒಂದು ಸವರಿಕೆ ಹೆಚ್ಚುಕಡಿಮೆ ಅದೃಶ್ಯ. ಕುಂಚ ಅತ್ತಿತ್ತ ಒಂದಿಷ್ಟು ಸರಿದರೂ ಕಣ್ಣಿಗೆ ತಿಳಿಯುವುದಿಲ್ಲ. ಹತ್ತು ಸವರಿಕೆಗಳಾದಾಗ ಒಂದೊಂದೂ ಒಂದೊಂದು ಕಡೆಗೆ ಸರಿದು, ಒಟ್ಟಿನಲ್ಲಿ ಅಂಚು ಇನ್ನಷ್ಟು ಮೃದುವಾಗುತ್ತದೆ. ರೇಖೆಯನ್ನು ಕೆಡಿಸಿದ ನಡುಕವೇ ಇಲ್ಲಿ ಅಂಚನ್ನು ಮಾಯಿಸಲು ನೆರವಾಯಿತು. ಬಲಹೀನವಾದ ಅನೇಕ ಸ್ಪರ್ಶಗಳು ಸೇರಿ ಒಂದು ಬಲವಾದ ಫಲವನ್ನು ಕೊಡುವ ಕ್ರಮ ಇದು. ಮೂರು ವರ್ಷಗಳ ಬಳಿಕ ನನ್ನ ಕೈ ಮಾಡಬಲ್ಲ ಕೆಲಸವೊಂದು ನನ್ನೆದುರು ಇತ್ತು.

ಈ ವಿದ್ಯೆ ಗೊಂಬೆಯವರು ಕಂಡುಹಿಡಿದದ್ದೇನೂ ಅಲ್ಲ. ಲಿಯೊನಾರ್ಡೊ ಡ ವಿಂಚಿಯ ಮೋನಾಲಿಸಾಳ ಮುಖದಲ್ಲಿ ನೆರಳು ಎಲ್ಲಿ ಮುಗಿಯಿತು, ಬೆಳಕು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. 2010ರಲ್ಲಿ ಫ್ರಾನ್ಸಿನ ಸಂಶೋಧಕರು ಚಿತ್ರವನ್ನು ಮುಟ್ಟದೆ ಎಕ್ಸ್‌ರೇ ವಿಧಾನದಿಂದ ಅದನ್ನು ಪರೀಕ್ಷಿಸಿ, ಅಲ್ಲಿಯ ಗ್ಲೇಜ್ ಪದರಗಳು ಕೆಲವೆಡೆ ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿನಷ್ಟು ತೆಳುವೆಂದೂ, ಎಲ್ಲ ಪದರಗಳು ಸೇರಿದರೂ 30–40 ಮೈಕ್ರೋಮೀಟರಿಗಿಂತ ಹೆಚ್ಚಿಲ್ಲವೆಂದೂ ತಿಳಿಸಿದರು. ನಮ್ಮವರೇ ಆದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಠಾಕೂರರ 'ವಾಶ್' ಪದ್ಧತಿಯಲ್ಲಿಯೂ ತೆಳುಬಣ್ಣ ಹಚ್ಚಿ, ಕಾಗದವನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ತೆಳುಬಣ್ಣ ಹಚ್ಚುವುದೇ ಕ್ರಮ. ನಾನು ಈ ಹೆಸರುಗಳನ್ನು ಮಕ್ಕಳಿಗೆ ವರ್ಷವರ್ಷವೂ ಹೇಳಿದ್ದೇನೆ. ಅವರ ಕೈಗಳಿಗೆ ಎಷ್ಟು ತಾಳ್ಮೆ ಬೇಕಾಗಿತ್ತೆಂಬುದನ್ನು ನನ್ನ ಕೈಗಳಿಗೆ ಹೇಳಿಕೊಟ್ಟವನು ಒಂದಂಗುಲದ ಮಾಂತ್ರಿಕ.

ತಾಳ್ಮೆಗೆ ಇನ್ನೊಂದು ಲಾಭವೂ ಇತ್ತು. ಪ್ರತಿ ಪದರವೂ ಒಣಗಬೇಕು. ಆ ಐದು ಹತ್ತು ನಿಮಿಷ ಮಾಡಲು ಬೇರೆ ಕೆಲಸವಿಲ್ಲ, ಗೊಂಬೆಯನ್ನು ಮುಟ್ಟುವಂತಿಲ್ಲ. ಒಂದೆರಡು ಮಾತುಗಳಲ್ಲಿ ಉತ್ತರ ಕೊಡುತ್ತಿದ್ದ ಹುಡುಗ ಆ ಹೊತ್ತಿನಲ್ಲಿ ಪ್ರಶ್ನೆ ಕೇಳತೊಡಗಿದ. ಅಮ್ಮ ಶಾಲೆಯಲ್ಲಿ ಹೇಗಿದ್ದಳು, ನಿನ್ನ ಕ್ಲಾಸಿನಲ್ಲಿಯೇ ಕೂರುತ್ತಿದ್ದಳೇ, ಅಜ್ಜಿ ತೀರಿಕೊಂಡ ದಿನ ನೀನು ಅತ್ತೆಯಾ. ಎದುರುಬದುರು ಕೂರಿಸಿ ಮಾತನಾಡಿಸಿದ್ದರೆ ಅವನು ಈ ಯಾವುದನ್ನೂ ಕೇಳುತ್ತಿರಲಿಲ್ಲವೆಂದು ಕಾಣುತ್ತದೆ. ಇಬ್ಬರ ಕಣ್ಣೂ ಗೊಂಬೆಯ ಮೇಲಿದ್ದುದರಿಂದ ಮಾತು ಸಲೀಸಾಯಿತು. ಉತ್ತರವನ್ನು ನಾನು ಕನ್ನಡದಲ್ಲಿಯೇ ಕೊಟ್ಟೆ. ತಿಂಗಳು ಕಳೆಯುವುದರೊಳಗೆ ಪ್ರಶ್ನೆಗಳಲ್ಲಿಯೂ ನಡುನಡುವೆ ಕನ್ನಡ ಸೇರಿಕೊಂಡಿತು.

ಕೊನೆಗೆ ಉಳಿದದ್ದು ಮಾಂತ್ರಿಕನ ಕಣ್ಣು. ನಮ್ಮ ಶಿಲ್ಪಿಗಳು ನೇತ್ರೋನ್ಮೀಲನವನ್ನು ಎಲ್ಲ ಕೆಲಸ ಮುಗಿದ ಮೇಲೆ ಮಾಡುತ್ತಾರೆ. ಗೊಂಬೆಯವರ ಕ್ರಮ ಇದಕ್ಕೆ ತಿರುಗುಮುರುಗು. ಮುಖದಲ್ಲಿ ಕಣ್ಣೇ ಮೊದಲು. ಅರ್ಧ ಮಿಲಿಮೀಟರೂ ಇಲ್ಲದ ಗುಳಿಯಲ್ಲಿ ಮೊದಲು ಗಾಢ ಕಂದು, ಅದರ ಮೇಲೆ ಮಾಸಲು ಬಿಳಿ, ಅದರ ಮೇಲೆ ಕಪ್ಪು ಚುಕ್ಕೆ. ಚುಕ್ಕೆ ಆಚೀಚೆ ಹರಿದರೆ ಸುತ್ತಲಿನ ಚರ್ಮದ ಬಣ್ಣದಿಂದ ಅದನ್ನು ಮುಚ್ಚುತ್ತಾ ಬಂದು ಸರಿಯಾದ ಆಕಾರಕ್ಕೆ ತರುವುದು. ಮೊಮ್ಮಗ ಆ ಭಾಗವನ್ನು ತಾನೇ ಮಾಡಿಕೊಡುತ್ತೇನೆಂದ. ಬೇಡವೆಂದೆ. ಮೂರು ಸಂಜೆ ಹಿಡಿಯಿತು. ಅಂಗೈಗಳನ್ನು ಒತ್ತಿಕೊಂಡು, ಉಸಿರನ್ನು ಅರ್ಧ ಬಿಟ್ಟು, ಆ ಗಳಿಗೆಯಲ್ಲಿ ಕುಂಚದ ತುದಿಯನ್ನು ತಾಗಿಸುವುದು. ಎಡಗಣ್ಣು ಮೊದಲ ದಿನವೇ ಕುಳಿತಿತು. ಬಲಗಣ್ಣನ್ನು ಎರಡು ಬಾರಿ ಮುಚ್ಚಿ ಮೂರನೆಯ ಸಲ ಬರೆದೆ. ಮಾಂತ್ರಿಕ ಈಗ ಒಂದಿಷ್ಟು ಓರೆಯಾಗಿ, ಯಾರನ್ನೋ ಅನುಮಾನಿಸುವವನಂತೆ ನೋಡುತ್ತಾನೆ. ಅವನ ವೃತ್ತಿಗೆ ಅದು ಒಪ್ಪುತ್ತದೆ. ಅನಂತರ ಮೂಗಿನ ತುದಿಗೂ ಕೆನ್ನೆಗೂ ಕೆಂಪಿನ ಗ್ಲೇಜ್, ಗಲ್ಲದ ಅಂಚಿಗೆ ನೀಲಿಬೂದಿಯ ಗ್ಲೇಜ್ ಕೊಟ್ಟಾಗ ಚಳಿಯಲ್ಲಿ ನಡೆದು ಬಂದ ಮುದುಕನ ಮುಖ ಮೂಡಿತು.

ಹೊರಡುವ ಮುನ್ನ ಒಂದು ಭಾನುವಾರ ಲೆಂಟನ್‌ನಲ್ಲಿರುವ ವಾರ್‌ಹ್ಯಾಮರ್ ವರ್ಲ್ಡ್ ಎಂಬ ಪ್ರದರ್ಶನಾಲಯಕ್ಕೆ ಹೋಗಿದ್ದೆವು. ಗಾಜಿನ ಕಪಾಟುಗಳಲ್ಲಿ ನುರಿತವರ ಗೊಂಬೆಗಳು ಸಾಲುಸಾಲಾಗಿ ನಿಂತಿವೆ. 1987ರಲ್ಲಿ ಆರಂಭವಾದ 'ಗೋಲ್ಡನ್ ಡೀಮನ್' ಎಂಬ ಬಣ್ಣಗಾರಿಕೆಯ ಸ್ಪರ್ಧೆಯ ಬಗ್ಗೆ ಮೊಮ್ಮಗ ದಾರಿಯುದ್ದಕ್ಕೂ ಹೇಳಿದ. ಅದರಲ್ಲಿ ಸರ್ವೋತ್ತಮ ಕೃತಿಗೆ ಕೊಡುವ ಬಹುಮಾನ ನಿಜವಾದ ಅಳತೆಯ ಖಡ್ಗ. ಕೆಲವರು ಲೋಹದ ಬಣ್ಣವನ್ನೇ ಬಳಸದೆ, ಬರೀ ಬೂದು, ಕಂದು, ಬಿಳಿಗಳ ಪದರಗಳಿಂದ ಉಕ್ಕಿನ ಹೊಳಪನ್ನು ತರುತ್ತಾರೆ. ಗೊಂಬೆಯನ್ನು ಎತ್ತ ತಿರುಗಿಸಿದರೂ ಆ ಹೊಳಪು ಮಾತ್ರ ಚಿತ್ರಕಾರನಿಟ್ಟ ಕಡೆಯೇ ಇರುತ್ತದೆ.

ಎಲ್ಲರೂ ಹೀಗೆಯೇ ಮಾಡಬೇಕೆಂದಿಲ್ಲ. 2019ರಲ್ಲಿ ಇದೇ ಸಂಸ್ಥೆ 'ಕಾಂಟ್ರಾಸ್ಟ್' ಎಂಬ ಬಣ್ಣಗಳನ್ನು ತಂದಿತು. ಒಂದೇ ಬಾರಿ ಹಚ್ಚಿದರೆ ಸಾಕು, ಬಣ್ಣ ಉಬ್ಬಿನಿಂದ ಜಾರಿ ತಗ್ಗಿನಲ್ಲಿ ದಟ್ಟವಾಗಿ ನಿಂತು, ನೆರಳು ಬೆಳಕು ತಾನಾಗಿಯೇ ಮೂಡುತ್ತದೆ. ನೂರು ಸೈನಿಕರ ಪಡೆ ಕಟ್ಟುವ ಹುಡುಗರಿಗೆ ಅದು ವರದಾನ. ಒಬ್ಬೊಬ್ಬ ಸೈನಿಕನಿಗೂ ನಾಲ್ಕು ಸಂಜೆ ಕೊಟ್ಟರೆ ಯುದ್ಧ ಆರಂಭವಾಗುವುದು ಯಾವಾಗ? ನನಗೆ ಪಡೆ ಬೇಕಿರಲಿಲ್ಲ. ಸಂಜೆಗಳು ಬೇಕಿದ್ದವು.

ಬದುಕಿನ ಪಾಠವೊಂದನ್ನು ಇದರಿಂದ ಹಿಂಡಿ ತೆಗೆಯುವ ಅಭ್ಯಾಸ ಮೇಷ್ಟರಿಗೆ ಸಹಜ, ನೀವೂ ಅದನ್ನು ನಿರೀಕ್ಷಿಸುತ್ತಿರಬಹುದು. ಒಂದನ್ನು ಮಾತ್ರ ಹೇಳುತ್ತೇನೆ. ತರಗತಿಯಲ್ಲಿ ನಾವು ನಿಮ್ಮ ಮೇಲೆ ಹಚ್ಚಿದ್ದು ಕೂಡ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳನ್ನೇ. ಯಾವ ಒಂದು ದಿನದ ಪಾಠವೂ ಯಾರನ್ನೂ ಬದಲಿಸಿದ್ದು ನನಗೆ ನೆನಪಿಲ್ಲ. ಆದರೂ ಹತ್ತು ವರ್ಷಗಳ ಬಳಿಕ ಬಂದು ಎದುರು ನಿಂತವರ ಮುಖದಲ್ಲಿ ಏನೋ ಒಂದು ಬೆಳಕು ಕಂಡಿದ್ದೇನೆ. ಅದರಲ್ಲಿ ನನ್ನ ಪಾಲು ಎಷ್ಟು, ಇತರ ಗುರುಗಳ ಪಾಲು ಎಷ್ಟು, ನಿಮ್ಮ ಮನೆಯವರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಪದರಗಳ ಗುಣವೇ ಹಾಗೆ.

ಇದನ್ನು ಮಾಡಿ ನೋಡಬೇಕೆನ್ನುವವರಿಗೆ ಕೆಲವು ಸೂಚನೆಗಳು. ಮೊದಲಿಗೆ ದುಬಾರಿ ಗೊಂಬೆ ಬೇಕಾಗಿಲ್ಲ, ಮಕ್ಕಳು ಎಸೆದ ಪ್ಲಾಸ್ಟಿಕ್ ಪ್ರಾಣಿಯಾದರೂ ಸಾಕು. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿರಿ. ಪೋಸ್ಟರ್ ಕಲರ್ ಬೇಡ, ಒಣಗಿದ ಮೇಲೂ ನೀರು ತಾಗಿದರೆ ಅದು ಏಳುತ್ತದೆ. ಅಕ್ರಿಲಿಕ್ ಇರಲಿ. ಕುಂಚ ತೀರ ಸಣ್ಣದಾದರೆ ಬಣ್ಣ ತುದಿಗೆ ಬರುವುದರೊಳಗೆ ಒಣಗುತ್ತದೆ. ಒಂದನೆಯ ನಂಬರಿನದಾಗಿ, ತುದಿ ಚೂಪಾಗಿದ್ದರೆ ಸಾಕು. ನಮ್ಮ ಕಡೆ ಆಷಾಢದ ಮಳೆಯಲ್ಲಿ ಒಂದೊಂದು ಪದರ ಒಣಗಲು ಕಾಲುಗಂಟೆಯಾದರೂ ಬೇಕು, ಮಾರ್ಚಿಯ ಬಿಸಿಲಿನಲ್ಲಿ ಬಣ್ಣ ಕುಂಚದಲ್ಲಿಯೇ ಒಣಗೀತು. ಕಣ್ಣಿಗೆ ಆಯಾಸವಾಗದಂತೆ ಬಿಳಿ ಬೆಳಕಿನ ದೀಪ ಹತ್ತಿರವಿರಲಿ. ನನ್ನಂತೆ ಕೈ ನಡುಗುವವರಿದ್ದರೆ ಅಂಗೈಗಳನ್ನು ಜೋಡಿಸುವುದನ್ನು ಮರೆಯಬೇಡಿ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ.

ಮಾಂತ್ರಿಕನನ್ನು ಮೊಮ್ಮಗನ ಬಳಿಯೇ ಬಿಟ್ಟು ಬಂದಿದ್ದೇನೆ. ಅವನು ನನ್ನ ಪೆಟ್ಟಿಗೆಯಲ್ಲಿ ಇನ್ನೂ ಬಣ್ಣ ಕಾಣದ ಒಂದು ಕುದುರೆಯನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದ. ಟ್ರಂಕು ತೆರೆದು ಕುಂಚಗಳನ್ನು ಹೊರಗೆ ತೆಗೆದಿದ್ದೇನೆ. ಎರಡಕ್ಕೆ ನುಸಿ ಹಿಡಿದಿದೆ, ಉಳಿದವು ಗಟ್ಟಿಯಾಗಿವೆ. ಕುದುರೆಗೆ ನಿನ್ನೆ ಕಂದು ಬಣ್ಣದ ಎರಡನೆಯ ಪದರ ಮುಗಿಯಿತು. ಭಾನುವಾರಗಳಂದು ವೀಡಿಯೊ ಕರೆಯಲ್ಲಿ ಅದನ್ನು ತೋರಿಸಬೇಕೆಂದು ಅಪ್ಪಣೆಯಾಗಿದೆ. "ಇನ್ನೂ ತೆಳು ಮಾಡು ಅಜ್ಜಾ" ಎಂದು ಕಳೆದ ವಾರ ಹೇಳಿದ, ಕನ್ನಡದಲ್ಲಿಯೇ.

ಎಲ್ಲರಿಗೂ ಶುಭವಾಗಲಿ.